ನೂರಹತ್ತನ್ನು ಹುಡುಕಿ ಓಡಿದ ದರ್ಜಿ

ಯಾರ ಮಂಡಿಗೆ ಎಷ್ಟು ಭಾರ, ಯಾರ ಎದೆಗೆ ಎಷ್ಟು ಮೆಟ್ಟಿಲು ಎಂದು ಬರೆದುಕೊಡುವುದು ವ್ಯಾಯಾಮ ತಜ್ಞೆಯಾದ ಅವಳ ಕೆಲಸ. ಆಸ್ಪತ್ರೆಯ ಹಿಂಬದಿಯ ವ್ಯಾಯಾಮ ಕೋಣೆಗೆ ಬರುವವರೆಲ್ಲ ಸಕ್ಕರೆ ಕಾಯಿಲೆ, ಬಿಪಿ, ದಮ್ಮು ಇವನ್ನು ಮನೆಮಂದಿಯಂತೆ ಜೊತೆಗಿಟ್ಟುಕೊಂಡೇ ಬಾಳಬೇಕಾದವರು. ಅವರಿಗೆ ಬೆನ್ನು ನೆಟ್ಟಗಿಡಿ ಎಂದು ಪಾಠ ಹೇಳುವ ಅವಳು, ಎರಡು ವರ್ಷದ ಮಗಳನ್ನು ಎಡಸೊಂಟದ ಮೇಲೆ ಹೊತ್ತೂ ಹೊತ್ತೂ ಒಂದು ಕಡೆಗೆ ವಾಲಿಯೇ ನಡೆಯುತ್ತಿದ್ದಳು. "ನಿನ್ನ ಪೇಷೆಂಟುಗಳು ನಿನ್ನನ್ನ ಹಿಂದಿನಿಂದ ನೋಡದಿದ್ರೆ ಸಾಕು" ಎಂದು ಗಂಡ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆದರೂ ಒಂದು ವಿಷಯದಲ್ಲಿ ಅವಳಿಗೆ ಭಾರಿ ಜಂಬ. ಅದು ಪ್ರತಿ ರೋಗಿಯ ಲೆಕ್ಕ ಬರೆಯಲು ಅವಳೇ ಗೆರೆ ಎಳೆದು ತಯಾರಿಸಿದ ಹನ್ನೆರಡು ಅಂಕಣದ ಹಾಳೆ. ಮಗಳ ಬಣ್ಣದ ಪೆನ್ಸಿಲುಗಳನ್ನು ಕದ್ದು ತಂದು ನಡಿಗೆಗೆ ಹಸಿರು, ನಾಡಿಗೆ ಕೆಂಪು, ಮಾತ್ರೆಗೆ ನೀಲಿ ತುಂಬಿದ್ದಳು. ಇಷ್ಟು ಚಂದದ ಹಾಳೆ ತಪ್ಪು ಹೇಳಲು ಸಾಧ್ಯವೇ ಇಲ್ಲವೆಂದು ನಂಬಿದ್ದಳು.

ಆ ಹಾಳೆಯನ್ನು ಅವಳಿಗಿಂತ ಹೆಚ್ಚು ನಂಬಿದವರು ಒಬ್ಬ ವಯಸ್ಸಾದ ದರ್ಜಿ. ಸಕ್ಕರೆ ಕಾಯಿಲೆಯ ಜೊತೆಗೆ ಬಿಪಿಯೂ ಇದ್ದ ಮನುಷ್ಯ. ತುಟಿಯ ಮಧ್ಯೆ ಗುಂಡುಸೂಜಿ ಕಚ್ಚಿಕೊಂಡೇ ಆಯುಷ್ಯ ಕಳೆದದ್ದರಿಂದ ಮಾತು ಬಲು ಕಡಿಮೆ. ಕೊಟ್ಟ ಅಳತೆಯನ್ನು ಒಂದು ನೂಲೂ ಆಚೀಚೆ ಮಾಡುವವರಲ್ಲ. ಕೈಗಡಿಯಾರದಲ್ಲಿ ನಾಡಿ ನೂರಹತ್ತು ತೋರಿಸುವವರೆಗೆ ವೇಗ ಹೆಚ್ಚಿಸಿ ಎಂದು ಅವಳು ಬರೆದಿದ್ದಳು. ಅವರು ಹೆಚ್ಚಿಸಿದರು.

ಒಂದು ಸೋಮವಾರ ಬೆಳಿಗ್ಗೆ ದರ್ಜಿಯ ಬದಲು ಅವರ ಹೆಂಡತಿ ಬಂದು ಕುರ್ಚಿಯಲ್ಲಿ ಕೂತರು.

"ನೂರಹತ್ತು ಬರ್ಲಿಲ್ಲ ಅಂತ ಓಡಿದಾರೆ ಕಣಮ್ಮ, ಈ ವಯಸ್ಸಲ್ಲಿ. ಗಡಿಯಾರ ಎಂಬತ್ತೆಂಟು ಬಿಟ್ಟು ಮೇಲೇಳ್ಲಿಲ್ಲವಂತೆ. ಕಣ್ಣು ಕತ್ತಲೆ ಬಂದು ರಸ್ತೆಯಲ್ಲೇ ಕುಸಿದ್ರು. ಡಾಕ್ಟರು ನೋಡಿದ್ರು, ಹೃದಯಕ್ಕೇನೂ ಆಗಿಲ್ಲ. ಆದ್ರೆ ಈಗ ಬಚ್ಚಲಿಗೆ ಹೋಗೋದಕ್ಕೂ ಗೋಡೆ ಹಿಡೀತಾರೆ. ನಡೆಯೋದೇ ಬೇಡ ಅಂತ ಕೂತುಬಿಟ್ಟಿದಾರೆ. ಹಿಂಗೇ ಕೂತ್ರೆ ಸಕ್ಕರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ?"

"ಮಾತ್ರೆ ಏನಾದ್ರೂ ಬದಲಾಯ್ತಾ?" ಅವಳು ಕೇಳಿದಳು.

"ಎರಡು ವಾರ ಆಯ್ತು. ಬಿಪಿಗೆ ಹೊಸದು ಕೊಟ್ರು. ನೀವು ಕೇಳ್ಲಿಲ್ಲ, ಅವರ ಬಾಯಂತೂ ನಿಮಗೆ ಗೊತ್ತೇ ಇದೆ."

ಅವರು ಚೀಲದಿಂದ ತೆಗೆದು ತೋರಿಸಿದ್ದು ನಾಡಿಯನ್ನೇ ಹಿಡಿದು ನಿಧಾನ ಮಾಡುವ ಮಾತ್ರೆ. ಅದನ್ನು ನುಂಗಿದವರು ಎಷ್ಟೇ ಏದುಸಿರು ಬಿಟ್ಟರೂ ಗಡಿಯಾರಕ್ಕೆ ಅದು ಗೊತ್ತಾಗದು. ಅವಳು ಹಾಳೆ ತೆಗೆದು ನೋಡಿದಳು. ನೀಲಿ ಅಂಕಣದಲ್ಲಿ ಎರಡು ವಾರವೂ "ಹಿಂದಿನಂತೆ" ಎಂದು ಬರೆದಿತ್ತು. ಅಕ್ಷರ ಮಾತ್ರ ಮುತ್ತಿನಂತಿತ್ತು.

ಡಾಕ್ಟರ ಒಪ್ಪಿಗೆ ಕೇಳಿಕೊಂಡು ಸಂಜೆ ಅವಳು ದರ್ಜಿಯ ಮನೆಗೆ ಹೋದಳು. ದಾರಿಯುದ್ದಕ್ಕೂ ಮೂರು ಬಗೆಯ ಸಮಜಾಯಿಷಿ ಕಟ್ಟಿಕೊಂಡಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಮೂರೂ ಮರೆತುಹೋದವು.

"ತಪ್ಪು ನಂದು. ಕೇಳದೆ ಬರೆದೆ."

ದರ್ಜಿ, "ಹೋದ ವರ್ಷದ ಅಳತೆಗೆ ಹೊಲಿದ ಹಾಗೆ" ಎಂದರು. "ನಾನೂ ಮಾಡಿದೀನಿ. ಗಿರಾಕಿ ದಪ್ಪ ಆಗಿದ್ದ."

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಗಡಿಯಾರ ಬಿಚ್ಚಿಡಿ ಎಂದಳು. ನಡೆಯುತ್ತ ಮಾತಾಡಿ, ವಾಕ್ಯ ಪೂರ್ತಿ ಬಂದರೆ ವೇಗ ಸರಿಯಿದೆ, ಒಂದೊಂದೇ ಪದ ಬಂದರೆ ನಿಲ್ಲಬೇಕು ಎಂದು ವಿವರಿಸಿದಳು.

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ನಲವತ್ತು ವರ್ಷದಲ್ಲಿ ಇವರ ಬಾಯಿಂದ ಪೂರ್ತಿ ವಾಕ್ಯ ನಾನು ಕೇಳಿದ್ದೇ ಅಪರೂಪ. ನಿಮ್ಮ ಲೆಕ್ಕದಲ್ಲಿ ಇವರು ಮದುವೆ ದಿನದಿಂದ್ಲೂ ಸುಸ್ತು."

ಅವಳು ಎರಡನೇ ಸಲವೂ ಅಳತೆ ತೆಗೆಯದೆ ಕತ್ತರಿ ಹಾಕಿದ್ದಳು. "ಹಾಗಾದ್ರೆ ಯಾವ ವಿಷಯಕ್ಕೆ ಮಾತಾಡ್ತಾರೆ?" ಎಂದು ಕೇಳಿದಳು. ಮೊದಲೇ ಕೇಳಬೇಕಿತ್ತು.

"ಹೊಲಿಗೆ ವಿಷಯಕ್ಕೆ. ರೀ, ಪೇಟೆಯಲ್ಲಿ ತಂದ ಈ ಅಂಗಿ ತೋಳು ಎತ್ತಿದ್ರೆ ಹಿಡಿಯುತ್ತಲ್ಲ, ಯಾಕೆ?" ಹೆಂಡತಿ ಗೂಟದ ಮೇಲಿದ್ದ ಅಂಗಿ ತೋರಿಸಿದರು.

"ಅದನ್ನ ಕತ್ತರಿಸಿದವನು..." ದರ್ಜಿ ಬಾಯಿ ತೆರೆದರು.

"ಇಲ್ಲಿ ಬೇಡ. ನಡೀತಾ ಹೇಳಿ." ಹೆಂಡತಿ ಕೈ ಚಾಚಿದರು. ದರ್ಜಿ ಬಾಗಿಲನ್ನೂ ಆ ಕೈಯನ್ನೂ ನೋಡಿದರು. ಮತ್ತೆ ಅಂಗಿಯ ಕಂಕುಳನ್ನು ನೋಡಿದರು. ಆ ಹೊಲಿಗೆಯನ್ನು ಸಹಿಸಲು ಅವರಿಂದ ಆಗಲಿಲ್ಲ. ಎದ್ದರು.

ರಸ್ತೆ ಏರುವ ಕಡೆ ಅವರ ಮಾತು ತುಂಡಾಗತೊಡಗಿತು. "ಕಂಕುಳ... ಹತ್ರ... ಬಟ್ಟೆ..." ನಿಲ್ಲಿ ಎನ್ನಲು ಅವಳು ಬಾಯಿ ತೆರೆಯುವ ಮೊದಲೇ ಹೆಂಡತಿ ಅವರನ್ನು ಒಂದು ಮೋಟುಗೋಡೆಯ ಮೇಲೆ ಕೂರಿಸಿದ್ದರು. "ಸಾಕು. ಉಳಿದದ್ದು ಉಸಿರು ಬಂದ್ಮೇಲೆ ಹೇಳಿ."

ಸ್ವಲ್ಪ ಹೊತ್ತಿಗೆ ಉಸಿರು ಬಂತು. ದರ್ಜಿ ಯಾರ ಕೈಯನ್ನೂ ಹಿಡಿಯದೆ ಎದ್ದು, "ಬಟ್ಟೆ ಉಳಿಸೋ ಆಸೆಗೆ ಅಲ್ಲಿ ಕಡಿಮೆ ಬಿಟ್ಟಿದಾನೆ. ಬಾ, ಕಾಲರಿನ ಕಥೆ ಇನ್ನೂ ಕೆಟ್ಟದಾಗಿದೆ" ಎಂದು ಮುಂದೆ ಹೊರಟರು.

ತಜ್ಞೆಗೆ ಮಾಡಲು ಕೆಲಸವೇನೂ ಉಳಿದಿರಲಿಲ್ಲ. ಸುಮ್ಮನೆ ಹಿಂದೆ ಹಿಂದೆ ನಡೆದಳು. ಅವರ ಆ ನಿಧಾನ ನಡಿಗೆಗೂ ಏರಿನಲ್ಲಿ ಅವಳಿಗೆ ಏದುಸಿರು ಬಂದದ್ದನ್ನು, ಪುಣ್ಯಕ್ಕೆ, ಯಾರೂ ತಿರುಗಿ ನೋಡಲಿಲ್ಲ.