ತೊಳೆಯದೆ ಬಿಟ್ಟ ಕರಡಿಗೆ

ನಮ್ಮಪ್ಪ ಆಳಂದದಲ್ಲಿ ಬಟ್ಟೆ ವ್ಯಾಪಾರಿ. ಹೈದರಾಬಾದಿನ ನವಾಬರಿಗೆ ಒಡವೆ ಮಾಡಿಕೊಡುತ್ತಿದ್ದ ಒಂದು ಹಳೆಯ ಜವಾಹರಿ ಮನೆತನದ ಮುದ್ರೆಯಿರುವ ಒಡವೆಗಳನ್ನು ಮಾತ್ರ ಅವರು ಕೂಡಿಡುತ್ತಿದ್ದರು. ಮಾರುತ್ತಿರಲಿಲ್ಲ, ಅವ್ವನಿಗೂ ತೊಡಿಸುತ್ತಿರಲಿಲ್ಲ. ಅಫಜಲಪುರ, ಜೇವರ್ಗಿ ಕಡೆಯ ದೊಡ್ಡ ಮನೆಯವರು ಒಡವೆ ಮಾರಬೇಕಾದಾಗ ಗುಟ್ಟಾಗಿ ಹೇಳಿಕಳಿಸುತ್ತಿದ್ದರು. ಒಡವೆ ಯಾರ ಮನೆಯದೆಂದು ಅಪ್ಪ ಬಾಯಿಬಿಡುವುದಿಲ್ಲ ಎಂಬ ನಂಬಿಕೆ ಅವರಿಗಿತ್ತು. ತಂದದ್ದನ್ನು ಅಂಟುವಾಳದ ನೊರೆಯಲ್ಲಿ ತೊಳೆಯುವುದು ಮಗಳಾದ ನನ್ನ ಕೆಲಸ.

ಯುದ್ಧದ ಕಾಲದಲ್ಲಿ ಇಜೇರಿಯ ಗೌಡರೊಬ್ಬರು ಬಂಗಾರದ ಕರಡಿಗೆಯೊಂದನ್ನು ಮಾರಿದರು. ನಾವು ಲಿಂಗವಂತರು ಇಷ್ಟಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುವುದು ಕರಡಿಗೆಯಲ್ಲಿ. ಸತ್ತವರ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತೇವೆ. ಖಾಲಿ ಕರಡಿಗೆ ಮನೆಯಲ್ಲಿ ಉಳಿಯುತ್ತದೆ. ಇದು ತೀರಿಹೋದ ನಮ್ಮಣ್ಣನದು ಎಂದು ಗೌಡರು ಅಪ್ಪನಿಗೆ ಹೇಳಿದ್ದರಂತೆ. ಆ ಮುದ್ರೆಯ ಕರಡಿಗೆ ಅಪ್ಪ ಕಂಡದ್ದು ಅದೊಂದೇ. ಭೂತಗನ್ನಡಿ ಹಿಡಿದು ಮುದ್ರೆ ನೋಡಿದರು. ಮುಚ್ಚಳ ತೆಗೆದು ನೋಡಲಿಲ್ಲ.

ನಾನು ತೆಗೆದೆ. ಬಿಗಿದಿತ್ತು, ಎರಡು ಸಲ ಕೈ ಜಾರಿತು. ಒಳಗೆ ಹಸಿರು ಅಂಚಿನ ಬಟ್ಟೆ, ಬಟ್ಟೆಯೊಳಗೆ ಲಿಂಗ. ಹಾಗಾದರೆ ಸತ್ತವರ ಕೈಯಲ್ಲಿ ಇಟ್ಟದ್ದು ಏನು?

ಅಪ್ಪನಿಗೆ ತೋರಿಸಿದಾಗ ಅವರು ಬಟ್ಟೆಯನ್ನು ಮತ್ತೆ ಸುತ್ತಿ ಮುಚ್ಚಳ ಹಾಕಿದರು. ಆಮೇಲೆ, "ಬಂಡಿ ಕಟ್ಟಸ್ತೇನಿ. ನೀನೂ ಬಾ ಬೇ, ತೆಗದಾಕಿ ನೀನ" ಎಂದರು.

ಭೀಮಾ ದಾಟಿ ಇಜೇರಿಗೆ ಹೋದೆವು. ಮಾರಿದವರ ಮನೆಗಲ್ಲ, ತೀರಿಹೋದ ಅಣ್ಣನ ಹೆಂಡತಿ, ಅವರ ಅತ್ತಿಗೆಯ ಮನೆಗೆ. ಆಕೆ ಬಟ್ಟೆಯ ಅಂಚನ್ನು ಬೆರಳಿನಿಂದ ಸವರಿದರು.

"ನನ್ನ ಸೀರಿ ಅಂಚರಿ ಇದು. ನಾನ ಸುತ್ತಿ ಕೊಟ್ಟಿದ್ದೆ. ಹೊಳಿ ದಂಡ್ಯಾಗ ಜ್ವರ ಬಂದು ನಮ್ಮನಿಯವ್ರು ಹೋದ್ರು. ಕರಡಿಗಿ ನೀರಾಗ ಬಿತ್ತು ಅಂದ, ಜೋಡಿ ಇದ್ದ ಮೈದುನ. ಹೊಸಾ ಲಿಂಗ ಇಟ್ಟು ಮಣ್ಣು ಮಾಡಿದ್ವಿ. ಇವತ್ತಿಗೂ ನೀರಿಗಿ ಹೋದ್ರ, 'ಕೊಡದಾಗ ನೋಡ ಬೇ, ಗಂಡನ ಲಿಂಗ ಬಂದೈತೇನು' ಅಂತಾರ್ರಿ."

ಲಿಂಗ ಕಳೆದುಕೊಂಡವನು ಎಂಬುದು ನಮ್ಮಲ್ಲಿ ಸಣ್ಣ ಮಾತಲ್ಲ. ಕದ್ದವನಿಗೆ ಕರಡಿಗೆ ತೆರೆಯುವ ಧೈರ್ಯ ಬಂದಿರಲಿಲ್ಲವೆಂದು ಕಾಣುತ್ತದೆ.

"ತಪ್ಪಾತ್ರಿ ಅಕ್ಕಾರ. ಕರಡಿಗೀನೂ ಇಟ್ಕೋರಿ" ಎಂದರು ಅಪ್ಪ.

"ಬಂಗಾರ ತಗೊಂಡು ಏನ್ ಮಾಡ್ಲಿರಿ ಸಾವಕಾರ್ರ? ಅದು ಯಾರ ಕೈಯಾಗಿಂದ ಬಂತು ಅಂತ ನಾಕ್ ಮಂದಿ ಮುಂದ ಹೇಳ್ರಿ, ಸಾಕು."

ಹೆಸರು ಹೇಳಿದರೆ ಇನ್ನು ಯಾವ ಮನೆಯವರೂ ಅಪ್ಪನನ್ನು ಕರೆಯುವುದಿಲ್ಲ. ಅದು ನನಗೂ ಗೊತ್ತಿತ್ತು. ಹಿರಿಯರೂ ನೀರಿಗೆ ಹೊರಟಿದ್ದ ಹೆಂಗಸರೂ ಊರ ಕಟ್ಟೆಯ ಮುಂದೆ ಸೇರಿದ ಮೇಲೆ ಅಪ್ಪ ಎದ್ದು ನಿಂತು ಆ ಮೈದುನನ ಹೆಸರು ಹೇಳಿದರು. ಒಬ್ಬಾಕೆ ಸೊಂಟದ ಕೊಡವನ್ನು ಕೆಳಗಿಟ್ಟಳು.

ಗಂಡನ ಸಮಾಧಿಯಲ್ಲಿ ತಲೆಯ ಕಡೆ ಮಣ್ಣು ತೋಡಿ ಆಕೆ ಲಿಂಗವನ್ನು ತಾವೇ ಇಟ್ಟರು.

ಕರಡಿಗೆ ನಮ್ಮ ಸಂಗಡ ಆಳಂದಕ್ಕೆ ಬಂತು. ಅಪ್ಪನ ಪೆಟ್ಟಿಗೆ ಸೇರಿದ ಕೊನೆಯ ಒಡವೆ ಅದು. ಆಮೇಲೆ ಯಾರೂ ಹೇಳಿಕಳಿಸಲಿಲ್ಲ. ಕರಡಿಗೆಯ ಒಳಮೂಲೆಯಲ್ಲಿ ಲಿಂಗದ ಕಪ್ಪು ಲೇಪದ ಚೂರು ಅಂಟಿಕೊಂಡಿತ್ತು. ನಾನು ಅಂಟುವಾಳ ನೆನೆಹಾಕಿದ್ದನ್ನು ಕಂಡು ಅಪ್ಪ, "ಇದನ್ನ ತೊಳೀಬ್ಯಾಡ ಬೇ" ಎಂದರು.