ತೆರಕಣಾಂಬಿಯಲ್ಲಿ ಹಾಲು ಉಕ್ಕಿಸಿದ್ದು

ಚಾಮರಾಜನಗರದ ಷೆಡ್ಡಿನಿಂದ ನಮ್ಮ ಬಸ್ಸು ಹೊರಬಿದ್ದಾಗ ಬೆಳಿಗ್ಗೆ ಒಂಬತ್ತು. ಇದೇ ಬಸ್ಸನ್ನು ಹತ್ತೊಂಬತ್ತು ವರ್ಷ ಗುಂಡ್ಲುಪೇಟೆ ಲೈನಿನಲ್ಲಿ ಓಡಿಸಿದವನು ನಾನು. ಮಾಲೀಕರು ಗುಜರಿಗೆ ಹಾಕುತ್ತೇನೆಂದಾಗ ನಾನೇ ಕೊಂಡುಬಿಟ್ಟೆ. ಐದು ತಿಂಗಳು ಕೂತು ಅದನ್ನು ಮನೆ ಮಾಡಿದೆ. ಸೀಟು ಕಿತ್ತ ಕಡೆ ಮಂಚ, ಲಗೇಜ್ ಕಂಬಿಗಳ ಮೇಲೆ ಪಾತ್ರೆ, ನನ್ನ ಸೀಟಿನ ಹಿಂದೆ ಗ್ಯಾಸ್ ಒಲೆ, ಟಾಪಿನ ಮೇಲೆ ನೀರಿನ ಟ್ಯಾಂಕು. ಮಂಚದ ಮೇಲುಗಡೆ 'ಮಹಿಳೆಯರಿಗೆ ಮಾತ್ರ' ಎಂಬ ಹಳೆಯ ಬರಹ ಹಾಗೇ ಉಳಿದಿತ್ತು. ಅಳಿಸಬೇಡಿ ಎಂದವಳು ನನ್ನ ಹೆಂಡತಿ ಶಿವಮ್ಮ. ಇಡೀ ಬಸ್ಸಿನಲ್ಲಿ ಅವಳಿಗೆ ಹಿಡಿಸಿದ್ದು ಅದೊಂದೇ.

ಇನ್ನು ಇದರಲ್ಲೇ ಇದ್ದು ಊರೂರು ತಿರುಗಬೇಕೆಂಬುದು ನನ್ನ ಆಸೆ. ಅವಳದು ಒಂದೇ ಮಾತು: "ಚಕ್ರ ಇರೋದು ಮನೆ ಅಲ್ಲ ಕಣ್ರೀ. ಗುಂಡ್ಲುಪೇಟೆ ಗಂಟ ಬತ್ತೀನಿ. ಮನ್ಸು ಒಪ್ಪುದ್ರೆ ನಾಳೆ ಬಂಡೀಪುರ ದಾಟನ. ಇಲ್ದಿದ್ರೆ ನಾನು ವಾಪಸ್ ಚಂದಕವಾಡಿಗೆ." ಅಲ್ಲಿನ ನಮ್ಮ ಮನೆಯ ಬೀಗದಕೈ ಅವಳ ಸೆರಗಿನ ಗಂಟಿನಲ್ಲಿತ್ತು. ಅವಳಿಲ್ಲದೆ ನಾನೊಬ್ಬನೇ ತಿರುಗುವುದೆಂದರೆ ಖಾಲಿ ಟ್ರಿಪ್ಪು, ಅಷ್ಟೆ.

ದಾರಿ ಮೂವತ್ತೈದು ಕಿಲೋಮೀಟರ್. ಮೋಡ ಮುಚ್ಚಿತ್ತು, ಅಲ್ಲಲ್ಲಿ ಅರಿಶಿನದ ಹೊಲ. ಬಸ್ಸಿನ ಹಣೆಯ ಮೇಲಿನ 'ಗುಂಡ್ಲುಪೇಟೆ' ಬೋರ್ಡು ಅಳಿಸಲು ಮಾತ್ರ ನನಗೆ ಮನಸ್ಸು ಬಂದಿರಲಿಲ್ಲ. ಅದರ ಫಲ ನೋಡಿ: ಪ್ರತಿ ಸ್ಟಾಪಿನಲ್ಲೂ ಜನ ಕೈ ಅಡ್ಡ ಹಾಕುವುದು, ನಾನು ಇಲ್ಲವೆಂದು ತಲೆ ಆಡಿಸುವುದು. ತೆರಕಣಾಂಬಿಯಲ್ಲಿ ಒಬ್ಬ ಅಜ್ಜಿ ಕೈ ಅಡ್ಡ ಹಾಕಿದಾಗ ನನ್ನ ಕಾಲು ಹಳೆಯ ಅಭ್ಯಾಸದಿಂದ ತಾನಾಗಿ ಬ್ರೇಕ್ ಒತ್ತಿಬಿಟ್ಟಿತು. ಅಜ್ಜಿ ಹತ್ತಿದಳು, ಮಂಚದ ಮೇಲೆ ಕೂತಳು, ಪುಕ್ಕಟೆ ಟಿಕೆಟ್ಟಿಗೆಂದು ಆಧಾರ್ ಕಾರ್ಡ್ ತೆಗೆದು ಶಿವಮ್ಮನ ಮುಂದೆ ಹಿಡಿದಳು.

"ಇದು ಬಸ್ಸಲ್ಲ ಕಣವ್ವಾ, ನಮ್ಮನೆ" ಅಂದ ಶಿವಮ್ಮ ಆಮೇಲೆ ತುಟಿ ಕಚ್ಚಿಕೊಂಡಳು. ನಾನು ಬಸ್ಸು ಹೊರಡಿಸುತ್ತಾ ಕನ್ನಡಿಯಲ್ಲಿ ನೋಡಿ ನಕ್ಕೆ.

"ಮನೆಯಾ? ಆಲು ಉಕ್ಸುದ್ರಾ?" ಅಜ್ಜಿ ಕೇಳಿದಳು.

"ಇಲ್ಲ" ಅಂದಳು ಶಿವಮ್ಮ.

"ಅಯ್ಯೋ ಶಿವ್ನೆ! ಆಲು ಉಕ್ಸ್ದೆ ಒಕ್ಲು ಬಂದ್ಬುಟ್ರಾ? ನಿಲ್ಸ್ಲಾ ಮಗ!"

ರಸ್ತೆ ಬದಿಗೆ ಇಳಿಸಿ ನಿಲ್ಲಿಸಿದೆ. ಅಂಗಡಿಯಿಂದ ಎರಡು ಪಾಕೆಟ್ ಹಾಲು ತಂದೆ. ಹೊಸ ಮನೆಯಲ್ಲಿ ಹಾಲು ಪೂರ್ವಕ್ಕೋ ಉತ್ತರಕ್ಕೋ ಉಕ್ಕಿದರೆ ಒಳ್ಳೆಯದು, ದಕ್ಷಿಣಕ್ಕಾದರೆ ಕೇಡು ಎಂಬುದು ನಮ್ಮ ನಂಬಿಕೆ. ನನ್ನ ಮಂಕುಬುದ್ಧಿಗೆ ಅದು ಹೊಳೆಯಬೇಡವೇ? ಬಸ್ಸಿನ ಮುಖ ಪಶ್ಚಿಮಕ್ಕೆ, ಎಡ ಚಕ್ರ ಮಣ್ಣಿನ ಇಳಿಜಾರಿನಲ್ಲಿ. ಹಾಲು ಎಡಕ್ಕೆ, ಅಂದರೆ ನೆಟ್ಟಗೆ ದಕ್ಷಿಣಕ್ಕೇ ಉಕ್ಕಿ ಸುರಿಯಿತು. ಶಿವಮ್ಮ ಒಲೆ ಆರಿಸಿ ಸೆರಗಿನ ಗಂಟು ಹಿಡಿದುಕೊಂಡಳು.

"ನಾನು ಮೊದ್ಲೆ ಏಳ್ನಿಲ್ವಾ?" ಅಂದಳು ಮೆಲ್ಲಗೆ. ನನಗೆ ಅಳುವೇ ಬಂದಂತಾಯಿತು, ಅದರ ಹಿಂದೆಯೇ ಸಿಟ್ಟು.

"ಕಲ್ಲಿನ ಮನೆಯಾಗಿದ್ರೆ ತಲೆ ಮೇಲೆ ಕೈ ಹೊತ್ಕೊಂಡು ಕೂತ್ಕೋಬೇಕಿತ್ತು. ಇದಕ್ಕೆ ಚಕ್ರ ಅವೆ ಕಣೇ!" ಅಂದೆ.

ಬಸ್ಸನ್ನು ಪೂರಾ ತಿರುಗಿಸಿ ರಸ್ತೆಯ ಆಚೆ ಬದಿಗೆ ನಿಲ್ಲಿಸಿದೆ. ಈಗ ಎಡಗಡೆಯ ಇಳಿಜಾರು ಇದ್ದದ್ದು ಉತ್ತರಕ್ಕೆ. ಎರಡನೇ ಪಾಕೆಟ್ಟಿನ ಹಾಲು ಅತ್ತಲೇ ಉಕ್ಕಿ ಹರಿಯಿತು.

"ಕುಬೇರನ್ ದಿಕ್ಕು ಕಣವ್ವಾ!" ಎಂದು ಅಜ್ಜಿ ಚಪ್ಪಾಳೆ ತಟ್ಟಿದಳು.

ಉಳಿದ ಹಾಲಿಗೆ ಸಕ್ಕರೆ ಹಾಕಿ ಮೂವರೂ ಕುಡಿದೆವು. ಕುಡಿಯುವಾಗ ನೋಡುತ್ತೇನೆ, ಬಸ್ಸಿನ ಮುಖ ಚಾಮರಾಜನಗರದ ಕಡೆಗಿದೆ. ಚಂದಕವಾಡಿಗೆ ಹೋಗುವುದಾದರೆ ಹೀಗೇ ನೆಟ್ಟಗೆ ಹೋದರಾಯಿತು. ಸ್ಟೀರಿಂಗ್ ಹಿಡಿದು ಕೂತೆ. ಹಿಂದೆ ತಿರುಗಿ ನೋಡಲು ಧೈರ್ಯ ಬರಲಿಲ್ಲ. "ಯಾವ ಕಡೆ?" ಅಂದೆ ಕೊನೆಗೆ.

ಶಿವಮ್ಮ ಪಾತ್ರೆ ತೊಳೆದು ಲಗೇಜ್ ಕಂಬಿಯ ಮೇಲಿಟ್ಟಳು. ಸೆರಗಿನ ಗಂಟು ಬಿಚ್ಚಿ ಬೀಗದಕೈಯನ್ನು ಕಿಟಕಿ ಪಕ್ಕದ ಮೊಳೆಗೆ ನೇತುಹಾಕಿದಳು. ಆಮೇಲೆ ಬಾಗಿಲ ಬಳಿ ಹೋಗಿ, ಕಂಡಕ್ಟರ್ ಎಳೆಯುತ್ತಿದ್ದ ಗಂಟೆಯ ಹಗ್ಗವನ್ನು ಎರಡು ಸಲ ಎಳೆದಳು.

"ಅಜ್ಜಿ ಗುಂಡ್ಲುಪೇಟೆಗೆ. ಮನೆ ತಿರುಗ್ಸಿ. ರೈಟ್, ರೈಟ್!"