ಜೊಂಡಿನ ಗುಂಡಿಗೆ ಕೋಡಿ

ಮುದ್ದಮ್ಮ ನರಸೀಪುರದಲ್ಲಿ ಮೋರಿ ಬಳಿಯುವ ಕೆಲಸದವಳು. ಮನೆ ಕೆಳಗಿನ ಬೀದಿಯ ಕೊನೆಯಲ್ಲಿ. 2003ರಲ್ಲಿ ಮೇಲಿನ ಬಡಾವಣೆಯಿಂದ ಕಾಂಕ್ರೀಟು ಮೋರಿ ಬಂದ ಮೇಲೆ ಮಳೆನೀರು ಎಲ್ಲಿಯೂ ಇಂಗದೆ ಒಂದೇ ಓಟಕ್ಕೆ ಆ ಬೀದಿಗೆ ನುಗ್ಗತೊಡಗಿತು. ಮರುವರ್ಷ, ಕಾಲು ಬಿದ್ದುಹೋಗಿದ್ದ ಅತ್ತೆಯ ಚಾಪೆಯ ಮೇಲೆಯೇ ನೀರು ಹರಿಯಿತು. ಮುದುಕಿಯನ್ನು ಬೆನ್ನಿಗೆ ಹೊತ್ತು ಮೊಣಕಾಲುದ್ದ ಕೊಚ್ಚೆಯಲ್ಲಿ ನಡೆದ ದಿನದಿಂದ, ಮೋಡ ಕಪ್ಪಿಟ್ಟರೆ ಸಾಕು, ಮುದ್ದಮ್ಮ ಮೊದಲು ಅತ್ತೆಯನ್ನು ಎತ್ತಿ ಮಂಚದ ಮೇಲೆ ಮಲಗಿಸುತ್ತಿದ್ದಳು.

ಹಿಂದೆಲ್ಲ ಆ ನೀರು ಅಂಗನವಾಡಿಯ ಹಿಂದಿನ ಜೊಂಡಿನ ಗುಂಡಿಯಲ್ಲಿ ನಿಂತು ಇಂಗುತ್ತಿತ್ತು. ಈಗ ಅದು ತಿಪ್ಪೆ. ಒಂದು ದಿನ ಮೋರಿ ನೋಡಲು ಬಂದ ಇಂಜಿನಿಯರನ್ನು ಅವಳೇ ತಡೆದು ನಿಲ್ಲಿಸಿದಳು.

"ಸಾ, ಮೋರಿ ಗ್ವಾಡೆ ಇಲ್ಲೊಸಿ ಒಡೆಸ್ಕೊಡಿ. ನೀರು ಗುಂಡಿಗೋಯ್ತದೆ, ಜೊಂಡು ಕುಡ್ಕತದೆ."

"ಕಸ ಯಾರಮ್ಮ ತೆಗಿಯೋರು?"

"ನಾವೇ ತೆಗೀತೀವಿ ಸಾ."

ಬೀದಿಯ ಹೆಂಗಸರು ತಿಂಗಳುಗಟ್ಟಲೆ ಕಸ ಹೊತ್ತರು. ದಡ ಕುಸಿಯದಂತೆ ಲಾವಂಚ ನೆಟ್ಟರು, ತಳದಲ್ಲಿ ಕೆಸ ಹಾಕಿದರು. ಇಂಜಿನಿಯರು ಗೋಡೆ ಒಡೆಸಿಕೊಟ್ಟರು. ಆದರೆ ಗುಂಡಿ ತುಂಬಿದರೆ ಹೆಚ್ಚಿನ ನೀರು ಹೋಗಲು ಕೋಡಿ ಬೇಕಿತ್ತು. ಅದಕ್ಕಿದ್ದ ಜಾಗ ಪುಟ್ಟಸ್ವಾಮಿಯ ಗದ್ದೆಯ ಕಡೆಯ ಬದುವೊಂದೇ. "ನಿಮ್ ಕೊಚ್ಚೆ ನನ್ ಗದ್ದೆಗ್ಯಾಕೆ?" ಎಂದು ಅವನು ಒಪ್ಪಲಿಲ್ಲ.

"ತುಂಬಿ ಈ ಕಡೆ ಬಂದ್ರೆ ನನ್ ಮಕ್ಕಳ ಗತಿಯೇನು ಮುದ್ದಮ್ಮ?" ಎಂದು ಅಂಗನವಾಡಿಯ ಟೀಚರ್ ಮಧುಶ್ರೀ ಕೇಳಿದಳು. ಅನ್ನ ಕಲಸುವಾಗಲೂ ಆ ಮಾತು ಮುದ್ದಮ್ಮನ ಕಿವಿಯಲ್ಲಿ ಕೊರೆಯುತ್ತಿತ್ತು. ಬೀದಿ ಉಳಿಸಲು ಹೋಗಿ ಕೂಸುಗಳನ್ನು ಮುಳುಗಿಸಿಬಿಟ್ಟೆನೇ?

2005ರ ಅಕ್ಟೋಬರಿನ ಒಂದು ಮಧ್ಯಾಹ್ನ ಮಳೆ ಬಿಡದೆ ಸುರಿಯಿತು. ಮುದ್ದಮ್ಮ ಗುಂಡಿಯತ್ತ ಓಡಿದಳು. ಅಂಗನವಾಡಿಯ ಮುಂದಿನ ರಸ್ತೆ ಹೊಳೆಯಾಗಿ, ಮಕ್ಕಳನ್ನು ಹೊರಗೆ ತರುವಂತಿರಲಿಲ್ಲ. ಗುಂಡಿಯ ನೀರು ದಡಕ್ಕಿಂತ ಎರಡೇ ಬೆರಳಷ್ಟು ಕೆಳಗಿತ್ತು. ಅವಳು ಬರಿಗೈಯಲ್ಲಿ ಬದು ಕೆದಕತೊಡಗಿದಳು. ಅಷ್ಟರಲ್ಲಿ ಗುದ್ದಲಿ ಹಿಡಿದು ಪುಟ್ಟಸ್ವಾಮಿ ಬಂದ.

"ಬದೂಗೆ ಕೈ ಆಕ್ಬೇಡ ಕಣಮ್ಮಿ! ಪೈರು ಒಡೆ ಬಿಟ್ಟದೆ, ಇನ್ನೇನು ತೆನೆ ಬತ್ತದೆ!"

"ಪುಟ್ಸಾಮಣ್ಣ, ಒಳಗೆ ಅದ್ನೆಂಟು ಕೂಸವೆ. ನಿನ್ ಗದ್ದೇಲಿ ಒಂದ್ ಕಡ್ಡಿ ಕಸ ಬುಡದಂಗೆ ನಾನೇ ಬಾಚ್ಕೊಡ್ತೀನಿ. ನಿನ್ ಕಾಲಿಗ್ ಬೀಳ್ತೀನಿ."

ಪುಟ್ಟಸ್ವಾಮಿ ಅಂಗನವಾಡಿಯ ಕಿಟಕಿಯ ಕಡೆ ನೋಡಿದ. ನಿದ್ದೆಯಿಂದೆದ್ದ ಮಗುವೊಂದು ಸರಳು ಹಿಡಿದು ಅಳುತ್ತಿತ್ತು. "ಸರಿ ಅತ್ಲಾಗೆ!" ಎಂದವನೇ ತಾನೇ ಗುದ್ದಲಿ ಎತ್ತಿ ಬದು ಕಡಿದ. ನೀರು ಭೋರೆಂದು ಗದ್ದೆಗೆ ಬಿತ್ತು. ಗುಂಡಿ ಇಳಿಯುವುದು ಕಣ್ಣಿಗೆ ಕಾಣುವವರೆಗೂ ಮುದ್ದಮ್ಮ ದಡ ಬಿಟ್ಟು ಕದಲಲಿಲ್ಲ.

ಆ ಸಂಜೆ ಕೆಳಗಿನ ಬೀದಿಯಲ್ಲಿ ನೀರು ಹೊಸ್ತಿಲು ದಾಟಿದ್ದು ಎರಡೇ ಮನೆಯಲ್ಲಿ. ಒಂದು ಮುದ್ದಮ್ಮನದೇ. "ಈ ಸಲ ಪಾದ ಮುಳುಗೋವಷ್ಟೇ ಕಣವ್ವ" ಎಂದಳು ಮಂಚದ ಮೇಲಿದ್ದ ಅತ್ತೆ.

ಪುಟ್ಟಸ್ವಾಮಿಯ ಒಂದು ತಾಕು ಪೈರು ಮಲಗಿಹೋಗಿತ್ತು. ಮುದ್ದಮ್ಮ ನಾಲ್ಕು ದಿನ ಅಲ್ಲಿ ಪ್ಲಾಸ್ಟಿಕ್ಕು ಆರಿಸಿದಳು. ಐದನೆಯ ದಿನ ಅವನೇ ಬಂದು, "ಕೋಡಿಗೆ ಕಲ್ಲು ಕಟ್ಸವ, ಮಣ್ಣು ಕೊಚ್ಚೋಯ್ತದೆ" ಎಂದ.